ಪಾರ್ಸಿಪನಿಗೆ ಒಂಟಿಯಾಗಿ ಹೋಗ್ತೀರಾ? ಅಗ್ಗದ ರೂಮು, ಸೈಕಲ್ ದಾರಿ: ಗೊತ್ತಿರಬೇಕಾದ ವಿಷಯಗಳು

ಪಾರ್ಸಿಪನಿ (ನ್ಯೂಜೆರ್ಸಿ): ಗಲ್ಫ್‌ನಲ್ಲಿ ದುಡಿಯುವ ಕನ್ನಡಿಗರ ಮನೆಗಳಿಂದ ಈಗ ಅಮೆರಿಕಕ್ಕೂ ಜನ ಹೋಗುತ್ತಿದ್ದಾರೆ. ಮಗನಿಗೆ ಐಟಿ ಪ್ರಾಜೆಕ್ಟ್, ಮಗಳಿಗೆ ಮೊದಲ ಕೆಲಸ, ಕೆಲವರಿಗೆ ಕಂಪನಿ ಟ್ರೇನಿಂಗ್. ಅಂಥವರು ಬಂದಿಳಿಯುವ ಊರುಗಳಲ್ಲಿ ಮಾರಿಸ್ ಕೌಂಟಿಯ ಪಾರ್ಸಿಪನಿಯೂ ಒಂದು. ಮ್ಯಾನ್‌ಹಟನ್‌ನಿಂದ ಪಶ್ಚಿಮಕ್ಕೆ ಸುಮಾರು 45 ಕಿ.ಮೀ. ದೂರ. 2020ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 56,162. ಭಾರತೀಯರು ಸಾಕಷ್ಟಿದ್ದಾರೆ.

ದುಬೈ, ದೋಹಾದ ಲೇಬರ್ ಕ್ಯಾಂಪ್‌ನಲ್ಲಿ ಬೆಳಗ್ಗೆ ಕಂಪನಿ ಬಸ್ಸು ಬಾಗಿಲಿಗೇ ಬರುತ್ತೆ. ಇಲ್ಲಿ ಆ ವ್ಯವಸ್ಥೆ ಇಲ್ಲ. ಸೂಪರ್ 8, ಡೇಸ್ ಇನ್‌ನಂಥ ಅಗ್ಗದ ಹೋಟೆಲ್‌ಗಳ ಒಡೆತನದ ಬ್ರ್ಯಾಂಡ್ ಕಂಪನಿ ವಿಂಡಮ್‌ನ ಮುಖ್ಯ ಕಚೇರಿ ಇದೇ ಊರಿನಲ್ಲಿದೆ. ಬಾಡಿಗೆ ಕಾರು ಕೊಡುವ ಏವಿಸ್ ಬಜೆಟ್ ಕಂಪನಿಯ ಮುಖ್ಯ ಕಚೇರಿಯೂ ಇಲ್ಲೇ. ಇಡೀ ಊರು ಕಾರಿದ್ದವರಿಗಾಗಿಯೇ ಬೆಳೆದದ್ದು. ಹಾಗಾಗಿ ಕಾರಿಲ್ಲದೆ ಒಂಟಿಯಾಗಿ ಬರುವವರು ರೂಮಿನ ಬಾಡಿಗೆಗಿಂತ ಮೊದಲು ನೋಡಬೇಕಾದ್ದು ರೂಮಿನ ಎದುರಿನ ರಸ್ತೆಯನ್ನು.

ಹೈವೇ ಪಕ್ಕದ ರೂಮು: ಅಗ್ಗವೇ, ಆದರೆ...

ಐ-80, ಐ-287, ಐ-280 ಈ ಮೂರು ದೊಡ್ಡ ಹೆದ್ದಾರಿಗಳು ಪಾರ್ಸಿಪನಿಯಲ್ಲಿ ಕೂಡುತ್ತವೆ. ಇವುಗಳಲ್ಲಿ ಸೈಕಲ್ ಓಡಿಸುವಂತಿಲ್ಲ. ಇನ್ನು ರೂಟ್ 46, ರೂಟ್ 10 ರಸ್ತೆಗಳು. ಕಡಿಮೆ ಬೆಲೆಯ ಹೋಟೆಲ್, ಮೋಟೆಲ್‌ಗಳು ಹೆಚ್ಚಾಗಿ ಇರುವುದು ಇಂಥ ರಸ್ತೆಗಳ ಬದಿಯಲ್ಲೇ. ವಾಹನಗಳು ಬಿಡುವಿಲ್ಲದೆ ವೇಗವಾಗಿ ಓಡುತ್ತಿರುತ್ತವೆ, ಎಷ್ಟೋ ಕಡೆ ಫುಟ್‌ಪಾತ್ ಇರಲ್ಲ. ಎದುರಿಗೇ ಅಂಗಡಿ ಕಾಣುತ್ತೆ, ಆದರೆ ರಸ್ತೆ ದಾಟುವ ಜಾಗ ಎಷ್ಟೋ ದೂರದಲ್ಲಿರುತ್ತೆ. ದಿನಕ್ಕೆ 15 ಡಾಲರ್ ಉಳಿಸಲು ಇಲ್ಲಿ ರೂಮು ಹಿಡಿದವರು ಟ್ಯಾಕ್ಸಿಗೆ ಅದರ ದುಪ್ಪಟ್ಟು ಕೊಡಬೇಕಾಗಬಹುದು.

ಆನ್‌ಲೈನ್‌ನಲ್ಲಿ ಮೊದಲು ಕಾಣುವ ದರ ಕೊನೆಯ ಬಿಲ್ಲಲ್ಲ. ನ್ಯೂಜೆರ್ಸಿಯಲ್ಲಿ ಹೋಟೆಲ್ ಬಾಡಿಗೆಯ ಮೇಲೆ ಶೇ 6.625 ಮಾರಾಟ ತೆರಿಗೆ, ಶೇ 5 ರಾಜ್ಯದ ಶುಲ್ಕ, ಅದರ ಮೇಲೆ ಊರಿನ ಆಡಳಿತ ಸಾಮಾನ್ಯವಾಗಿ ಶೇ 3ರವರೆಗೆ ತೆರಿಗೆ ಹಾಕಬಹುದು. 70 ಡಾಲರ್ ರೂಮು ಹೀಗೆ 80 ಡಾಲರ್ ದಾಟುತ್ತೆ. ಏಳು ರಾತ್ರಿಗೆ ಸುಮಾರು 562 ಡಾಲರ್. ಚೆಕ್-ಇನ್ ಆಗುವಾಗ ಕಾರ್ಡಿನಲ್ಲಿ ಒಂದಿಷ್ಟು ಹಣವನ್ನು ಡೆಪಾಸಿಟ್ ಅಂತ ತಡೆಹಿಡಿಯುವುದೂ ಉಂಟು. ಡೆಬಿಟ್ ಕಾರ್ಡ್ ಆದರೆ ಆ ದುಡ್ಡು ಕೆಲವು ದಿನ ಕೈಗೆ ಸಿಗಲ್ಲ. ಕೈಯಲ್ಲಿರುವ ಹಣವೆಲ್ಲ ಅದೇ ಖಾತೆಯಲ್ಲಿದ್ದರೆ ಊಟಕ್ಕೂ ಕಷ್ಟ.

ವಾರಕ್ಕಿಂತ ಹೆಚ್ಚು ಇರುವವರು ವಾರದ ದರ ಕೇಳಬೇಕು. ಫ್ರಿಜ್, ಒಲೆ ಇರುವ ರೂಮು ಸ್ವಲ್ಪ ದುಬಾರಿಯಾದರೂ ಹೊರಗಿನ ಊಟದ ಖರ್ಚು ಉಳಿಸುತ್ತೆ.

ಮನೆಯೊಳಗೆ ಒಂದು ಕೋಣೆ

ತಿಂಗಳುಗಟ್ಟಲೆ ಇರುವವರಿಗೆ ಮನೆಯೊಂದರ ಕೋಣೆ ಬಾಡಿಗೆಗೆ ಹಿಡಿಯುವುದೇ ಲಾಭ. ಗಲ್ಫ್‌ನ ಶೇರಿಂಗ್ ರೂಮಿನ ಹಾಗೆಯೇ ಅಂದುಕೊಳ್ಳಿ. ಪಾರ್ಸಿಪನಿಯ ಲೇಕ್ ಹಯವಾಥಾ ಭಾಗದಲ್ಲಿ, ನಾರ್ತ್ ಬೆವರ್ವಿಕ್ ರಸ್ತೆಯ ಆಸುಪಾಸಿನಲ್ಲಿ ಭಾರತೀಯ ದಿನಸಿ ಅಂಗಡಿ, ಹೋಟೆಲ್‌ಗಳಿವೆ. ಒಳರಸ್ತೆಗಳಲ್ಲಿ ವಾಹನದ ವೇಗ ಕಡಿಮೆ. ಸೈಕಲ್ ನಂಬಿ ಬದುಕುವವರಿಗೆ ಹೈವೇ ಬದಿಗಿಂತ ಇಂಥ ಜಾಗ ಒಳ್ಳೆಯದು.

ಆದರೆ ಲೇಕ್ ಹಯವಾಥಾದ ಪಕ್ಕದಲ್ಲೇ ರಾಕ್ಅವೇ ನದಿ ಹರಿಯುತ್ತೆ. ತಗ್ಗಿನ ಬೀದಿಗಳಿಗೆ ನೆರೆ ಬಂದದ್ದುಂಟು. ಅಗ್ಗಕ್ಕೆ ಸಿಗುತ್ತೆ ಅಂತ ನೆಲಮಾಳಿಗೆ, ಅಂದರೆ ಬೇಸ್‌ಮೆಂಟ್ ಹಿಡಿಯುವ ಮುಂಚೆ ಇದನ್ನು ಯೋಚಿಸಬೇಕು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ನ್ಯೂಯಾರ್ಕ್ ನಗರದಲ್ಲಿ ಬೇಸ್‌ಮೆಂಟ್ ಮನೆಗಳಲ್ಲೇ ಕನಿಷ್ಠ 11 ಮಂದಿ ಪ್ರಾಣ ಕಳೆದುಕೊಂಡರು. ಹೊರಬರಲು ಎರಡನೇ ದಾರಿ ಅಥವಾ ದೊಡ್ಡ ಕಿಟಕಿ, ಹೊಗೆ ಅಲಾರಂ ಇವು ಇಲ್ಲದ ಕೋಣೆ ಎಷ್ಟೇ ಅಗ್ಗವಾದರೂ ಬೇಡ.

ಡೆಪಾಸಿಟ್ ವಿಷಯ: ನ್ಯೂಜೆರ್ಸಿ ಕಾನೂನಿನಂತೆ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಮನೆ ಬಿಟ್ಟ 30 ದಿನದೊಳಗೆ, ಕಡಿತ ಇದ್ದರೆ ಅದರ ಲೆಕ್ಕದ ಸಮೇತ, ಹಣ ವಾಪಸ್ ಕೊಡಬೇಕು. ಮಾಲೀಕನೂ ಅದೇ ಮನೆಯಲ್ಲಿದ್ದು, ಬಾಡಿಗೆಗೆ ಕೊಟ್ಟದ್ದು ಎರಡು ಭಾಗ ಮೀರದಿದ್ದರೆ ಈ ಕಾನೂನು ತಾನಾಗಿಯೇ ಅನ್ವಯಿಸಲ್ಲ. ಕಾನೂನು ಪಾಲಿಸಬೇಕೆಂದು ಬಾಡಿಗೆದಾರ 30 ದಿನದ ಲಿಖಿತ ನೋಟಿಸ್ ಕೊಡಬೇಕು. ಕೋಣೆ ನೋಡದೆ, ರಸೀದಿ ಇಲ್ಲದೆ ಗಲ್ಫ್‌ನಿಂದಲೇ ಹಣ ಕಳಿಸುವುದು ಅಪಾಯ. ಅಲ್ಲೇ ಇರುವ ಪರಿಚಯದವರೊಬ್ಬರು ಹೋಗಿ ನೋಡಿ ಬಂದ ಮೇಲೆ ಕೊಟ್ಟರಾಯಿತು.

ಸೈಕಲ್ ಓಡಿಸುವ ಮುಂಚೆ

ಗಲ್ಫ್‌ನ ಹಾಗೆ ಇಲ್ಲೂ ವಾಹನ ರಸ್ತೆಯ ಬಲಬದಿಗೆ. ಊರಿನಿಂದ ನೇರವಾಗಿ ಬಂದವರಿಗಿಂತ ಗಲ್ಫ್‌ನವರಿಗೆ ಇದು ಬೇಗ ಒಗ್ಗುತ್ತೆ. ಸೈಕಲ್ ಕೂಡ ಬಲಬದಿಯಲ್ಲೇ, ವಾಹನಗಳು ಹೋಗುವ ದಿಕ್ಕಿನಲ್ಲೇ ಹೋಗಬೇಕು.

ರಾತ್ರಿ ಸೈಕಲ್‌ನ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಡ್ಡಾಯ. ಎರಡೂ 500 ಅಡಿ ದೂರಕ್ಕೆ ಕಾಣಬೇಕು. ಬೆಲ್ ಇರಲೇಬೇಕು. ಹೆಲ್ಮೆಟ್ 17 ವರ್ಷದೊಳಗಿನವರಿಗೆ ಮಾತ್ರ ಕಡ್ಡಾಯ. ಆದರೂ ಎಲ್ಲರೂ ಹಾಕುವುದೇ ಒಳ್ಳೆಯದು, ಯಾಕೆಂದರೆ ತಲೆಗೆ ಪೆಟ್ಟಾಗಿ ಇನ್ಶೂರೆನ್ಸ್ ಇಲ್ಲದಿದ್ದರೆ ಒಂದು ರಾತ್ರಿಯ ಆಸ್ಪತ್ರೆ ಬಿಲ್ಲು ವರ್ಷದ ಉಳಿತಾಯ ತಿಂದುಹಾಕಬಹುದು. 2022ರ ಮಾರ್ಚ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ ಸೈಕಲ್ ದಾಟುವ ವಾಹನ ಸಾಧ್ಯವಿದ್ದರೆ ಲೇನ್ ಬದಲಿಸಬೇಕು, ಆಗದಿದ್ದರೆ ಕನಿಷ್ಠ 4 ಅಡಿ ಅಂತರ ಬಿಡಬೇಕು. ಅಂತರ ಬಿಡಲೂ ಜಾಗವಿಲ್ಲದಿದ್ದರೆ ಗಂಟೆಗೆ 25 ಮೈಲಿಗೆ ನಿಧಾನಿಸಬೇಕು. ಬ್ಯಾಟರಿ ಸೈಕಲ್‌ಗೆ ನಿಯಮ ಬೇರೆ. ಕೊಳ್ಳುವ ಮುಂಚೆ ರಾಜ್ಯದ ಮೋಟಾರು ವಾಹನ ಕಚೇರಿಯ ನಿಯಮ ನೋಡಿಕೊಳ್ಳಬೇಕು.

ಹೊಸಬರು ಗಮನಿಸಬೇಕಾದ ಅಪಾಯ ಎರಡು. ಒಂದು, ಬೋರ್ಡ್ ಹಾಕಿ ನಿಷೇಧಿಸದ ಕಡೆ ಕೆಂಪು ದೀಪ ಇದ್ದರೂ ಕಾರುಗಳು ನಿಂತು ನೋಡಿ ಬಲಕ್ಕೆ ತಿರುಗಬಹುದು. ಎರಡು, ನ್ಯೂಜೆರ್ಸಿಯ ಜಗ್‌ಹ್ಯಾಂಡಲ್. ಹಲವು ರಸ್ತೆಗಳಲ್ಲಿ ಎಡಕ್ಕೆ ಹೋಗುವ ಕಾರು ಮೊದಲು ಬಲಗಡೆಯ ದಾರಿ ಹಿಡಿದು ಸುತ್ತಿ ಬರುತ್ತೆ. ಬಲ ಅಂಚಿನಲ್ಲಿ ನೇರ ಹೋಗುವ ಸೈಕಲ್‌ಗೆ ಅದು ಅಡ್ಡ ಬರಬಹುದು. ಅಂಥ ಜಾಗದಲ್ಲಿ ಇಳಿದು ತಳ್ಳಿಕೊಂಡು ದಾಟಿದರೆ ನಾಚಿಕೆಯೇನಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಮೇಲೆ ಹಿಮ ಬೇರೆ. ಆ ತಿಂಗಳುಗಳಿಗೆ ಬಸ್ಸಿನ ದಾರಿಯೂ ಗೊತ್ತಿರಬೇಕು.

ನ್ಯೂಯಾರ್ಕ್‌ಗೆ ಹೋಗಲು ಮಾರಿಸ್ ಪ್ಲೇನ್ಸ್, ಡೆನ್ವಿಲ್, ಬೂನ್‌ಟನ್ ಹತ್ತಿರದ ರೈಲು ನಿಲ್ದಾಣಗಳು. ಎನ್‌ಜೆ ಟ್ರಾನ್ಸಿಟ್ ರೈಲಿನಲ್ಲಿ ಮಡಚುವ ಸೈಕಲ್ ಯಾವ ಹೊತ್ತಿಗೂ ಒಯ್ಯಬಹುದು. ದೊಡ್ಡ ಸೈಕಲ್‌ಗೆ ಆಫೀಸು ಹೊತ್ತಿನ ರೈಲುಗಳಲ್ಲಿ ನಿರ್ಬಂಧವಿದೆ. ಬಾಡಿಗೆ ಸೈಕಲ್ ಬೇಕೆಂದರೆ ಸಿಟಿ ಬೈಕ್ ನ್ಯೂಯಾರ್ಕ್, ಜೆರ್ಸಿ ಸಿಟಿ, ಹೊಬೋಕನ್‌ನಲ್ಲಿ ಸಿಗುತ್ತೆ, ಪಾರ್ಸಿಪನಿಯಲ್ಲಿ ಇಲ್ಲ.

ಬುಕ್ ಮಾಡುವ ಮುಂಚೆ ಕೇಳಬೇಕಾದ 5 ಪ್ರಶ್ನೆ

1. ತೆರಿಗೆ, ಡೆಪಾಸಿಟ್ ಎಲ್ಲ ಸೇರಿ ಒಟ್ಟು ಎಷ್ಟು?
2. ಕೆಲಸದ ಜಾಗಕ್ಕೆ ಹೈವೇ ಮುಟ್ಟದೆ ಸೈಕಲ್‌ನಲ್ಲಿ ಹೋಗಬಹುದೇ? ಮ್ಯಾಪ್‌ನಲ್ಲಿ ರಸ್ತೆಯ ಫೋಟೊ ನೋಡಿ ಖಚಿತ ಮಾಡಿಕೊಳ್ಳಿ.
3. ಸೈಕಲ್ ಒಳಗೆ ಇಡಲು ಬಿಡುತ್ತಾರೆಯೇ? ಹೊರಗಾದರೆ ಗಟ್ಟಿ ಯು-ಲಾಕ್ ಬೇಕೇ ಬೇಕು.
4. ದಿನಸಿ ಅಂಗಡಿ ಎಷ್ಟು ದೂರ?
5. ಮಳೆ, ಹಿಮದ ದಿನ ಬಸ್ಸು ಎಲ್ಲಿ ಸಿಗುತ್ತೆ, ಕೊನೆಯ ಬಸ್ಸು ಎಷ್ಟು ಗಂಟೆಗೆ?

ರೂಮಿನ ಪೂರ್ತಿ ವಿಳಾಸ, ಇನ್ಶೂರೆನ್ಸ್ ನಂಬರ್, ಪಾಸ್‌ಪೋರ್ಟ್ ಪ್ರತಿ ಗಲ್ಫ್‌ನಲ್ಲಿರುವ ಮನೆಯವರ ಬಳಿಯೂ ಇರಲಿ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರಕ್ಕೂ ಅಮೆರಿಕದಲ್ಲಿ ಒಂದೇ ನಂಬರ್: 911.