ದಾನಶಾಸನಗಳೂ ವಂಶವೃತ್ತಾಂತಗಳೂ: ಬೆಂಗಳೂರಿನ ಮೂಡಣ ಸೀಮೆಯ ಪೂರ್ವಿಕರನ್ನು ಕುರಿತ ವಿಚಾರ

ವ್ಯವಹಾರದಲ್ಲಿ ಸಂಶಯವುಂಟಾದಾಗ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು ಪ್ರಮಾಣವಾಗಿ ಸ್ವೀಕರಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿರುವುದು. ಭೂಮಿಯನ್ನು ದಾನಮಾಡುವ ಅರಸನು ಮುಂದೆ ಆಳತಕ್ಕವರ ತಿಳಿವಿಗಾಗಿ ಬಟ್ಟೆಯ ಮೇಲಾಗಲಿ ತಾಮ್ರಪಟದ ಮೇಲಾಗಲಿ ಲೇಖ್ಯವನ್ನು ಬರೆಯಿಸಿ, ತನ್ನ ವಂಶದವರನ್ನೂ ತನ್ನನ್ನೂ ಹೆಸರಿಸಿ, ಕೊಟ್ಟ ಭೂಮಿಯ ಪರಿಮಾಣವನ್ನೂ ಎಲ್ಲೆಯನ್ನೂ ಅದರಲ್ಲಿ ಸೇರಿಸಬೇಕೆಂದು ಅದೇ ಗ್ರಂಥದ ಆಚಾರಾಧ್ಯಾಯವು ಹೇಳುತ್ತದೆ. ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ್ದು ಈ ಸ್ಮೃತಿಗೇ ಆದುದರಿಂದ ಕನ್ನಡನಾಡಿನ ಶಾಸನಗಳನ್ನು ಓದುವವರಿಗೆ ಈ ವಿಧಿಯು ಅಪರಿಚಿತವಲ್ಲ. ಕುಲವನ್ನು ಹೊಗಳುವುದಕ್ಕಾಗಿ ಹುಟ್ಟಿದ ಬರಹಕ್ಕಿಂತ ನೆಲವನ್ನು ಕೊಡುವುದಕ್ಕಾಗಿ ಹುಟ್ಟಿದ ಬರಹವು ಪೂರ್ವಿಕರ ವಿಷಯದಲ್ಲಿ ಹೆಚ್ಚು ನಂಬತಕ್ಕ ಸಾಕ್ಷಿಯೆಂಬುದನ್ನು ಬೆಂಗಳೂರಿನ ಮೂಡಣ ಸೀಮೆಯ ಕೆಲವು ಶಾಸನಗಳಿಂದ ಇಲ್ಲಿ ಪರಿಶೀಲಿಸಲಾಗುವುದು.

ದೇಶಾಂತರದಲ್ಲಿಯೂ ಇದೇ ಕ್ರಮವು ಕಂಡುಬರುತ್ತದೆ. ಅಮೆರಿಕಾ ಖಂಡದ ವರ್ಜೀನಿಯಾ ಪ್ರಾಂತದಲ್ಲಿ 1618ರಿಂದ ಈಚೆಗೆ, ಕಡಲು ದಾಟಿ ಬಂದ ಒಬ್ಬೊಬ್ಬ ಆಳಿನ ಲೆಕ್ಕಕ್ಕೆ 50 ಎಕರೆಯಂತೆ, ಪ್ರಯಾಣದ ವೆಚ್ಚವನ್ನು ಕೊಟ್ಟವರಿಗೆ ಭೂಮಿಯು ದೊರೆಯುತ್ತಿದ್ದಿತು. ಆ ಪಟ್ಟೆಗಳಲ್ಲಿ ಒಡೆಯನ ಹೆಸರಿನ ಕೆಳಗೆ ಆಳುಗಳ ಹೆಸರುಗಳೂ ಬರೆಯಲ್ಪಟ್ಟುವು. ಬೇರೆಲ್ಲಿಯೂ ಹೆಸರುಳಿಯದ ಬಡವರ ಗುರುತು ಇಂದು ಆ ಪಟ್ಟೆಗಳಲ್ಲಿಯೂ ಅಲ್ಲಿನ ನ್ಯಾಯಸ್ಥಾನಗಳ ಪುಸ್ತಕಗಳಲ್ಲಿಯೂ ಮಾತ್ರ ಸಿಕ್ಕುತ್ತದೆ. 1865ರಲ್ಲಿ ರಿಚ್ಮಂಡ್ ನಗರವು ಬೆಂಕಿಗೆ ತುತ್ತಾದಾಗ, ಯುದ್ಧಕಾಲದಲ್ಲಿ ಕ್ಷೇಮವಾಗಿರಲೆಂದು ಅಲ್ಲಿಗೆ ಸಾಗಿಸಿದ್ದ ಅಂತಹ ಪುಸ್ತಕಗಳು ಅನೇಕವು ಸುಟ್ಟುಹೋದುವು. ನಮ್ಮ ಕಲ್ಲುಗಳಿಗೆ ಬೆಂಕಿಯ ಭಯವಿಲ್ಲ. ಮೋರಿಗೂ ಮೆಟ್ಟಿಲಿಗೂ ಕಲ್ಲು ಬೇಕಾದವರ ಭಯವು ಮಾತ್ರ ಉಂಟು.

ಮೊದಲು ಕಾಡುಗೋಡಿಯ ಶಾಸನವನ್ನು ನೋಡಬಹುದು. ರಾಜೇಂದ್ರಚೋಳನ ಕಾಲಕ್ಕೆ ಸೇರಿದ, ಕ್ರಿ. ಶ. 1043ರ ಈ ಶಾಸನದಲ್ಲಿ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲ ಇವರ ಗುಡಿಗಳನ್ನು ಮಾಡಿಸಿದವನು ರಾಜರಾಜ ವೇಳಾನ್ ಎಂದೂ, ಅವನು ಪೆರ್ಮಾಡಿ ಗಾವುಂಡನ ಮಗನೆಂದೂ ಹೇಳಿದೆ. ವಂಶದ ವಿಷಯವಾಗಿ ಇಲ್ಲಿರುವುದು ತಂದೆಮಕ್ಕಳ ಈ ಎರಡು ಹೆಸರುಗಳೇ. ಆದರೆ ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ನೂರು ಶ್ಲೋಕಗಳ ವಂಶಾವಳಿಯಿಂದ ತಿಳಿಯದ ಸಂಗತಿಯು ತಿಳಿಯುತ್ತದೆ.

ತಂದೆಯ ಹೆಸರನ್ನು ಮೊದಲು ವಿಚಾರಿಸಬೇಕು. ಪೆರ್ಮಾಡಿಯೆಂಬುದು ಗಂಗರ ಪೆರ್ಮಾನಡಿಯೆಂಬ ಬಿರುದನ್ನು ನೆನಪಿಗೆ ತರುತ್ತದೆ. ಗಾವುಂಡ ಶಬ್ದವು ಗಾಮುಂಡ, ಗಾವುಂಡ, ಗವುಡ, ಗೌಡ ಎಂದು ಕ್ರಮವಾಗಿ ಸವೆದು ಬಂದ, ಊರೊಡೆತನವನ್ನು ಸೂಚಿಸುವ ಕನ್ನಡನಾಡಿನ ಮಾತು. ಮಗನ ಹೆಸರಾದರೋ ಸಂಪೂರ್ಣವಾಗಿ ಚೋಳರದು. ರಾಜರಾಜನೆಂಬುದು ರಾಜೇಂದ್ರನ ತಂದೆಯ ನಾಮಧೇಯ. ವೇಳಾನ್ ಎಂಬುದು ಚೋಳರಾಜ್ಯದ ಅಧಿಕಾರಿಗಳಿಗೂ ಭೂಮಾಲಿಕರಿಗೂ ಸಲ್ಲುತ್ತಿದ್ದ ಪದವಿ. ಚೋಳರು ಗಂಗವಾಡಿಯನ್ನು ಗೆದ್ದದ್ದು ಸುಮಾರು 1004ರಲ್ಲಿ. ಆ ಗೆಲವಿಗೂ ಈ ಶಾಸನಕ್ಕೂ ನಡುವಣ ಅಂತರವು ನಾಲ್ವತ್ತು ವರ್ಷಗಳಿಗೆ ಮೀರಿಲ್ಲ. ಇದು ಒಂದು ತಲೆಮಾರಿನ ಅವಧಿ. ಹೀಗಿರಲು, ಹಳೆಯ ಆಳ್ವಿಕೆಯ ಕಾಲಕ್ಕೆ ಒಪ್ಪುವ ಹೆಸರನ್ನು ಹೊತ್ತ ಊರೊಡೆಯನ ಮನೆಯಲ್ಲಿಯೇ ಮಗನು ಹೊಸ ಅರಸರ ಸೇವೆಗೆ ಸೇರಿ ಅವರ ಹೆಸರನ್ನು ಪಡೆದನೆಂದು ಊಹಿಸುವುದು ಯುಕ್ತವಾಗಿದೆ. ತಂದೆಯ ಹೆಸರು ಉಳಿಯದೆ ಮಗನ ಹೆಸರೊಂದೇ ನಮಗೆ ದೊರೆತಿದ್ದರೆ, ಇವನು ಕಾವೇರಿಯ ಕೆಳಗಣ ಸೀಮೆಯಿಂದ ಬಂದು ನೆಲಸಿದವನೆಂದು ಯಾರಾದರೂ ನಿಶ್ಚಯಿಸಿಬಿಡುತ್ತಿದ್ದರು. ತಂದೆಯ ಹೆಸರಷ್ಟೇ ಉಳಿದಿದ್ದರೆ ಇದಕ್ಕೆ ವಿಪರೀತವಾದ ನಿಶ್ಚಯವು ಅಷ್ಟೇ ಧೈರ್ಯದಿಂದ ಹೊರಡುತ್ತಿದ್ದಿತು. ಪದವಿಯು ಅರಸನಿಂದ ಬರುವುದು, ಜನ್ಮವು ತಂದೆಯಿಂದ ಬರುವುದು. ಬಿರುದನ್ನು ನೋಡಿ ಕುಲವನ್ನೂ ನಾಡನ್ನೂ ಹೇಳುವ ವಾಡಿಕೆಯನ್ನು ಈ ಒಂದು ಕಲ್ಲೇ ನಿಲ್ಲಿಸಬೇಕಾಗಿತ್ತು. ಅದು ಇನ್ನೂ ನಿಂತಿಲ್ಲ.

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಶಾಸನಗಳು ಇನ್ನೊಂದು ಬಗೆಯವು. ಇವುಗಳಲ್ಲಿ ಊರಿಗೆ ತೊಂಬಲೂರು ಎಂದೂ ದೇಶಿಮಾಣಿಕ್ಕಪಟ್ಟಣ ಎಂದೂ ಎರಡು ಹೆಸರುಗಳಿವೆ. ‘ದೇಶಿ’ ಎಂಬುದು ನಾನಾದೇಶಿಗಳೆಂಬ ವರ್ತಕರ ಸಂಘವನ್ನು ಸೂಚಿಸುವುದರಿಂದ ಇಲ್ಲಿ ವ್ಯಾಪಾರಿಗಳ ನೆಲೆಯಿದ್ದಿತೆಂದು ತೋರುತ್ತದೆ. 1270ರ ತಮಿಳು ಶಾಸನವೊಂದು ಅಳಗಿಯಾರ್ ಎಂಬವರು ಬಾಗಿಲಿನ ಎರಡು ನಿಲವುಗಳನ್ನು ಮಾಡಿಸಿಕೊಟ್ಟರೆಂದು ತಿಳಿಸುತ್ತದೆ. ಇನ್ನೊಂದರಲ್ಲಿ ತಲೈಕ್ಕಾಟ್ಟು ಎಂಬವನೂ ಅವನ ಪತ್ನಿಯೂ ಜಲಪಳ್ಳಿಯ ಕಡೆಯ ಭೂಮಿಯನ್ನೂ ವಿಣ್ಣಮಂಗಲದ ಕೆರೆಯ ಕಡೆಯ ಭೂಮಿಯನ್ನೂ ದೇವರಿಗೆ ಬಿಟ್ಟ ವಿಷಯವಿದೆ. ತಲೈಕ್ಕಾಟ್ಟು ಎಂಬುದು ತಲಕಾಡಿನ ತಮಿಳು ರೂಪವಾದ ತಲೈಕ್ಕಾಡು ಎಂಬುದಕ್ಕೆ ಬಹು ಹತ್ತಿರವಾಗಿದೆ. ಇದು ಊರಿನ ಹೆಸರೇ ಆಗಿದ್ದರೆ, ದಾತೃವಿನ ಮನೆತನವು ತಲಕಾಡಿನಿಂದ ಬಂದುದೆನ್ನಬೇಕಾಗುತ್ತದೆ. ಆದರೆ ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಪತ್ನಿಯನ್ನು ದಾನದಲ್ಲಿ ಸೇರಿಸಿ ಹೇಳಿರುವುದು ಗಮನಾರ್ಹ. ಮನೆತನಗಳ ವಂಶಾವಳಿಗಳಲ್ಲಿ ಹೆಂಗಸರು ಕಾಣಿಸಿಕೊಳ್ಳುವುದು ಅಪರೂಪ. ಭೂಮಿಯ ಬರಹದಲ್ಲಿಯಾದರೋ ಅವರನ್ನು ಬಿಡಲಾಗದು.

ವಿಣ್ಣಮಂಗಲವು ಇಂದಿನ ಇಂದಿರಾನಗರದ ಬಿನ್ನಮಂಗಲವೇ ಎನ್ನುವುದಕ್ಕೆ ಅಡ್ಡಿಯಿಲ್ಲ. ತಮಿಳಿನಲ್ಲಿ ವಕಾರವಿರುವ ಕಡೆ ಕನ್ನಡದಲ್ಲಿ ಬಕಾರವು ಬರುವುದು ಅನೇಕ ಶಬ್ದಗಳಲ್ಲಿ ಪ್ರಸಿದ್ಧವಾಗಿದೆ. ಮುಂದೆ ಹೊಯ್ಸಳ ರಾಮನಾಥನ ಶಾಸನಗಳೂ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಸುಂಕ ಮೊದಲಾದ ಆದಾಯಗಳನ್ನು ಬಿಟ್ಟ ಶಾಸನಗಳೂ ಇದೇ ಗುಡಿಯಲ್ಲಿ ದೊರೆಯುತ್ತವೆ. ಒಂದು ಊರಿನ ಎರಡು ಶತಮಾನಗಳ ಲೆಕ್ಕವು ಹೀಗೆ ಒಂದೆಡೆಯಲ್ಲಿದ್ದರೂ, 1270ರ ದಾತೃವಿಗೂ ದೇವರಾಯನ ಕಾಲದ ಯಾವ ಮನೆತನಕ್ಕೂ ಸಂಬಂಧವನ್ನು ಕಲ್ಪಿಸಲು ಆಧಾರವಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಇಂತಹ ಅಂತರಗಳಲ್ಲಿಯೇ ಕಲ್ಪನೆಯು ನುಸುಳುವುದು. ಗಂಗರ ಹೆಸರಿನಲ್ಲಿರುವ ತಾಮ್ರಪಟಗಳಲ್ಲಿ ಅನೇಕವು ಕೂಟಲೇಖ್ಯಗಳೆಂದು ಫ್ಲೀಟ್ ಪಂಡಿತರು ವಾದಿಸಿದರು. ಅವರ ತೀರ್ಪುಗಳಲ್ಲಿ ಕೆಲವು ಅತಿ ಕಠಿನವಾದುವೆಂದು ತೋರಬಹುದಾದರೂ, ಭೂಮಿಯ ಹಕ್ಕನ್ನು ಸಾಧಿಸುವುದಕ್ಕಾಗಿ ಪಟವನ್ನು ಹುಟ್ಟಿಸುವವರು ಎಲ್ಲ ಕಾಲದಲ್ಲಿಯೂ ಇದ್ದರೆಂಬುದು ನಿಜ. ಸ್ಮೃತಿಕಾರರು ಕೂಟಶಾಸನಕ್ಕೆ ದಂಡವನ್ನು ವಿಧಿಸಿರುವುದೇ ಅದಕ್ಕೆ ಸಾಕ್ಷಿ. ಕೆರೆಯನ್ನು ಕಟ್ಟಿಸಿದವನ ಕಲ್ಲಿನಲ್ಲಾದರೋ ತಂದೆಯ ಹೆಸರನ್ನು ಸುಳ್ಳುಮಾಡಿ ಆಗಬೇಕಾದುದೇನೂ ಇರಲಿಲ್ಲ.

ಯಲಹಂಕದ ಪ್ರಭುಗಳ ವೃತ್ತಾಂತವನ್ನು ಈ ದೃಷ್ಟಿಯಿಂದಲೇ ನೋಡತಕ್ಕದ್ದು. ಕಂಚಿಯ ಕಡೆಯಿಂದ ಏಳು ಮಂದಿ ಸೋದರರು ಹೊರಟು ಬಂದು ಆವತಿಯಲ್ಲಿ ನೆಲಸಿದರೆಂದೂ, ಅವರ ಪೈಕಿ ರಣಭೈರೇಗೌಡನ ಸಂತತಿಯಲ್ಲಿ ಜಯಗೌಡ, ಗಿಡ್ಡೇಗೌಡ, ಕೆಂಪನಂಜೇಗೌಡರಾದ ಮೇಲೆ, 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡನು ಹುಟ್ಟಿದನೆಂದೂ, ಅಚ್ಯುತರಾಯನು ಹಲಸೂರು ಮೊದಲಾದ ಹೋಬಳಿಗಳನ್ನು ಅವನಿಗೆ ಬಿಟ್ಟುಕೊಟ್ಟನೆಂದೂ ಐತಿಹ್ಯವಿದೆ. ಇದನ್ನು ಪೂರ್ತಿಯಾಗಿ ತಳ್ಳಿಹಾಕಲು ಕಾರಣವಿಲ್ಲ. ಆದರೆ ಆವತಿಯ ಸೋದರರ ಕಥೆಯನ್ನು ಈ ಸೀಮೆಯ ಒಕ್ಕಲು ಮನೆತನಗಳಿಗೆಲ್ಲ ಅನ್ವಯಿಸಿ, ಎಲ್ಲರೂ ಹೊರಗಿನಿಂದ ಬಂದವರೇ ಎನ್ನುವುದು ಸರಿಯಲ್ಲ. ಕೆಂಪೇಗೌಡನಿಗೆ ಸುಮಾರು ಐನೂರು ವರ್ಷಗಳ ಹಿಂದೆಯೇ ಕಾಡುಗೋಡಿಯ ಶಾಸನದಲ್ಲಿ ಗಾವುಂಡನಿದ್ದಾನೆ.

ಈಚಿನ ಕಾಲದ ಬರಹಗಳಲ್ಲಿ ತೊಡಕು ಬೇರೆ. 1809ರಲ್ಲಿ ಹಲಸೂರಿನ ಬಳಿ ಇಂಗ್ಲಿಷರ ದಂಡು ನೆಲಸಿದ ಮೇಲೆ ಸುತ್ತಣ ಭೂಮಿಯು ಕ್ರಮೇಣ ಅದಕ್ಕೆ ಸೇರಿತು. 1881ರಲ್ಲಿ ಮೈಸೂರು ರಾಜ್ಯವು ಮಹಾರಾಜರಿಗೆ ಹಿಂದಕ್ಕೆ ಬಂದಾಗ ದಂಡಿನ ಪ್ರದೇಶವು ಮಾತ್ರ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ರೆಸಿಡೆಂಟರ ಅಧೀನದಲ್ಲಿ ಉಳಿದು, 1947ರಲ್ಲಿ ಪುನಃ ಮೈಸೂರಿಗೆ ಸೇರಿತು. ಈ ಅರುವತ್ತಾರು ವರ್ಷಗಳಲ್ಲಿ ಹಲಸೂರಿನ ನಿವಾಸಿಯ ವ್ಯಾಜ್ಯವು ರೆಸಿಡೆಂಟರ ಆಡಳಿತದ ನ್ಯಾಯಸ್ಥಾನಕ್ಕೂ, ಕೃಷ್ಣರಾಜಪುರದ ನಿವಾಸಿಯ ವ್ಯಾಜ್ಯವು ಮೈಸೂರಿನ ನ್ಯಾಯಸ್ಥಾನಕ್ಕೂ ಹೋಗತಕ್ಕುದಾಗಿತ್ತು. ಒಡಹುಟ್ಟಿದವರು ಈ ಎರಡೂ ಕಡೆ ವಾಸವಾಗಿದ್ದ ಪಕ್ಷದಲ್ಲಿ, ಒಂದೇ ಮನೆತನದ ಪತ್ರಗಳು ಎರಡು ಸರ್ಕಾರಗಳ ದಫ್ತರಗಳಲ್ಲಿ ಹಂಚಿಹೋಗಿರುವುವು. ಒಂದು ದಫ್ತರವನ್ನಷ್ಟೇ ನೋಡಿ ಒಂದು ಶಾಖೆಯು ನಿಸ್ಸಂತಾನವಾಯಿತೆಂದು ಬರೆಯುವವರು ಎಚ್ಚರಿಕೆಯಿಂದಿರಬೇಕು.

ಇನಾಮು ಭೂಮಿಗಳ ವಿಚಾರಣೆಯ ಕಡತಗಳೂ ಹೀಗೆಯೇ ಉಪಯುಕ್ತವಾದುವು. ಭೂಮಿಯು ಯಾರಿಂದ ಯಾರಿಗೆ ಇಳಿದು ಬಂದಿತೆಂಬ ಪ್ರಶ್ನೆಗೆ ಅನುಭೋಗದಲ್ಲಿದ್ದವನು ಉತ್ತರ ಕೊಡಬೇಕಾಗಿದ್ದುದರಿಂದ ಲಿಖಿತ, ಭುಕ್ತಿ, ಸಾಕ್ಷಿ ಮೂರೂ ಅಲ್ಲಿ ಒಟ್ಟಿಗೆ ಬರುತ್ತವೆ. ಅವುಗಳನ್ನು ಓದುವಾಗ ಊರಿನ ಹೆಸರನ್ನು ಮೊದಲು ಹಿಡಿದು, ವ್ಯಕ್ತಿಯ ಹೆಸರನ್ನು ಆಮೇಲೆ ಹುಡುಕುವುದು ಲೇಸು. ವ್ಯಕ್ತಿಗಳ ಹೆಸರುಗಳು ಅರಸರೊಡನೆ ಮಾರ್ಪಟ್ಟುವು. ಊರಿನ ಹೆಸರುಗಳು ಅಷ್ಟು ಬೇಗ ಮಾರ್ಪಡಲಿಲ್ಲ. ರಾಜರಾಜ ವೇಳಾನನು ಕೆರೆಯನ್ನು ಕಟ್ಟಿಸಿದ ಊರು ಕೃಷ್ಣರಾಜಪುರದ ಕಡೆಯ ಕಂದಾಯದ ಲೆಕ್ಕಗಳಲ್ಲಿ ಈಗಲೂ ಪಟ್ಟಂದೂರು ಅಗ್ರಹಾರವೆಂದೇ ನಮೂದಾಗಿದೆ.