ಸಂತ ಮಾರ್ತಿನನ ಚರಿತೆ: ಲ್ಯಾಟಿನ್ ಪಾರಿಭಾಷಿಕ ಶಬ್ದಗಳ ವಿವೇಚನೆ

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ಓದುತ್ತ ಅಲ್ಲಿನ ‘ಧರ್ಮ’ ಶಬ್ದಕ್ಕೆ ಸದಾಚಾರವೆಂದು ಅರ್ಥ ಹೇಳುವವನನ್ನು ಪಂಡಿತರು ಒಡನೆಯೇ ತಡೆಯುತ್ತಾರೆ. ಅಲ್ಲಿ ಧರ್ಮವೆಂಬುದು ಜೀವಪುದ್ಗಲಗಳ ಗತಿಗೆ ಸಹಕಾರಿಯಾದ ದ್ರವ್ಯ. ಲೋಕರೂಢಿಯ ಶಬ್ದವನ್ನೇ ಎತ್ತಿಕೊಂಡು ಅದಕ್ಕೆ ಬೇರೊಂದು ಸಂಕೇತವನ್ನು ಕೊಡುವ ಈ ಕ್ರಮವು ಶಾಸ್ತ್ರಾಭ್ಯಾಸಿಗಳಿಗೆ ಹೊಸತಲ್ಲ. ಪರಮತದ ಗ್ರಂಥವನ್ನು ಅದರ ಮೂಲಭಾಷೆಯಲ್ಲಿ ಓದಲು ತೊಡಗಿದಾಗಲೂ ಇದೇ ಎಚ್ಚರ ಅವಶ್ಯಕವೆಂಬುದನ್ನು ಪ್ರಾಚೀನ ಕ್ರೈಸ್ತ ಸಂತಚರಿತೆಯೊಂದರ ಆಧಾರದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ಆರಿಸಿಕೊಂಡ ಕೃತಿ ಸುಲ್ಪಿಕಿಯುಸ್ ಸೆವೆರುಸನು ಲ್ಯಾಟಿನ್ನಿನಲ್ಲಿ ರಚಿಸಿದ ‘ವೀತಾ ಮಾರ್ತೀನಿ’, ಎಂದರೆ ಮಾರ್ತಿನನ ಚರಿತೆ. ಕರ್ತೃವು ಗಾಲ್ ದೇಶದ ಅಕ್ವಿತಾನಿಯಾ ಪ್ರಾಂತದವನು. ನ್ಯಾಯವಾದಿಯಾಗಿದ್ದು ಲೌಕಿಕವನ್ನು ತೊರೆದವನು. ಚರಿತನಾಯಕನಾದ ಮಾರ್ತಿನನು ಪನ್ನೋನಿಯಾದ ಸಬಾರಿಯಾದಲ್ಲಿ, ಎಂದರೆ ಈಗಿನ ಹಂಗೇರಿಯ ಸೊಂಬಾತ್‌ಹೇಯ್‌ನಲ್ಲಿ, ಹುಟ್ಟಿದನು. ಇಟಲಿಯಲ್ಲಿ ಬೆಳೆದು, ರೋಮನ್ ಸೈನ್ಯದಲ್ಲಿದ್ದು, ಕಡೆಗೆ ಸುಮಾರು ಕ್ರಿ.ಶ. 371ರಲ್ಲಿ ತೂರ್ ನಗರದ ಬಿಷಪ್ಪನಾದನು. 397ರ ನವೆಂಬರಿನಲ್ಲಿ ತೀರಿಕೊಂಡನು. ಚರಿತೆಯು ಅವನು ಬದುಕಿದ್ದಾಗಲೇ, ಸುಮಾರು 396ರಲ್ಲಿ, ರಚಿತವಾಯಿತು. ನಾಯಕನನ್ನು ಕಣ್ಣಾರೆ ಕಂಡವನೇ ಬರೆದದ್ದೆಂಬ ಕಾರಣದಿಂದ ಈ ಕೃತಿಗೆ ವಿಶೇಷ ಬೆಲೆಯಿದೆ.

ಕ್ರೈಸ್ತರ ಲ್ಯಾಟಿನ್ ಶಬ್ದಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಗ್ರೀಕಿನಿಂದ ಹಾಗೆಯೇ ತೆಗೆದುಕೊಂಡವು ಮೊದಲನೆಯ ವರ್ಗ: ‘ಎಪಿಸ್ಕೊಪುಸ್’ (ಮೇಲ್ವಿಚಾರಕ, ಬಿಷಪ್), ‘ಮೊನಾಕುಸ್’ (ಏಕಾಂತವಾಸಿ, ಸನ್ಯಾಸಿ), ‘ಮಾರ್ತಿರ್’ (ಸಾಕ್ಷಿ, ಮತಕ್ಕಾಗಿ ಪ್ರಾಣ ತೆತ್ತವನು). ಹೊಸದಾಗಿ ರಚಿಸಿಕೊಂಡವು ಎರಡನೆಯ ವರ್ಗ. ರಕ್ಷಕನೆಂಬ ಅರ್ಥದ ‘ಸಲ್ವಾತೊರ್’ ಇದಕ್ಕೆ ನಿದರ್ಶನ. ಈ ಎರಡೂ ಓದುಗನನ್ನು ಮೋಸಗೊಳಿಸುವುದಿಲ್ಲ; ತಿಳಿಯದಿದ್ದರೆ ತಿಳಿಯದೆಂದು ಗೊತ್ತಾಗಿ ಅವನು ನಿಘಂಟನ್ನು ತೆರೆಯುತ್ತಾನೆ. ಅಪಾಯವಿರುವುದು ಮೂರನೆಯ ವರ್ಗದಲ್ಲಿ. ಇವು ರೋಮನರ ಹಳೆಯ ಶಬ್ದಗಳೇ. ರೂಪ ಅದೇ, ಅರ್ಥ ಮಾತ್ರ ಬೇರೆ. ‘ಸಲೂಸ್’ ಎಂದರೆ ಆರೋಗ್ಯ; ಕ್ರೈಸ್ತರಲ್ಲಿ ಆತ್ಮದ ಉದ್ಧಾರ. ‘ಸೈಕುಲುಮ್’ ಎಂದರೆ ತಲೆಮಾರು, ಯುಗ; ಕ್ರೈಸ್ತರಲ್ಲಿ ಸಾಧಕನು ಬಿಡಬೇಕಾದ ಪ್ರಪಂಚ. ‘ಪಾಗಾನುಸ್’ ಎಂದರೆ ಹಳ್ಳಿಯವನು, ಸೈನಿಕನಲ್ಲದವನು ಎಂಬ ಎರಡು ಅರ್ಥಗಳಿದ್ದವು. ಅದು ಅನ್ಯದೇವತಾರಾಧಕನೆಂಬ ಅರ್ಥಕ್ಕೆ ತಿರುಗಿದ್ದು ಇವೆರಡರಲ್ಲಿ ಯಾವುದರಿಂದ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕ್ರೈಸ್ತರ ಲ್ಯಾಟಿನ್ ಒಂದು ಪ್ರತ್ಯೇಕ ಸಮುದಾಯಭಾಷೆಯೆಂಬ ವಾದವನ್ನು 1932ರಲ್ಲಿ ನೈಮೇಖನ್‌ನ ವಿದ್ವಾಂಸ ಸ್ಖ್ರೇನೆನ್ ಮಂಡಿಸಿದನು. ಅವನ ಶಿಷ್ಯೆ ಕ್ರಿಸ್ಟೀನ್ ಮೊರ್ಮನ್ ಅದನ್ನು ವಿಸ್ತರಿಸಿದಳು. ಭಾಷೆಯೇ ಬೇರೆಯೆಂಬ ಮಾತನ್ನು ಇಂದು ಹಲವರು ಒಪ್ಪುವುದಿಲ್ಲ. ಆದರೆ ಶಬ್ದಾರ್ಥಗಳು ಬದಲಾದುವೆಂಬುದು ನಿರ್ವಿವಾದ.

ಮಾರ್ತಿನನ ಚರಿತೆಯಲ್ಲಿ ಇನ್ನೊಂದು ತೊಡಕುಂಟು. ನಾಯಕನು ಸೈನಿಕನಾಗಿದ್ದುದರಿಂದ ಅನೇಕ ಶಬ್ದಗಳು ಹಳೆಯ ಸೈನಿಕಾರ್ಥದಲ್ಲಿಯೂ ಹೊಸ ಮತಾರ್ಥದಲ್ಲಿಯೂ ಅಕ್ಕಪಕ್ಕದಲ್ಲಿಯೇ ಬರುತ್ತವೆ. ‘ಸಕ್ರಾಮೆಂತುಮ್’ ಎಂಬ ಶಬ್ದವು ಚರ್ಚಿನಲ್ಲಿ ಪವಿತ್ರ ಸಂಸ್ಕಾರವನ್ನು ಸೂಚಿಸುತ್ತದೆ. ಆದರೆ ಹದಿನೈದನೆಯ ವಯಸ್ಸಿನಲ್ಲಿ ಮಾರ್ತಿನನನ್ನು ಕಟ್ಟಿಹಾಕಿದ ಸಕ್ರಾಮೆಂತುಮ್ ಸಂಸ್ಕಾರವಲ್ಲ, ಸೈನಿಕನು ಮಾಡಬೇಕಾದ ಪ್ರಮಾಣ. ಅವನು ಸೇವೆ ಮಾಡಿದ ದಳವನ್ನು ಹೇಳುವಲ್ಲಿ ‘ಸ್ಕೋಲಾ’ದಿಂದ ಹುಟ್ಟಿದ ವಿಶೇಷಣವೂ ‘ಆಲಾ’ ಎಂಬ ನಾಮವೂ ಕೂಡಿ ಬಂದಿವೆ. ಮೊದಲ ಸಲ ಓದಿದಾಗ ನಾನು ನಿಘಂಟನ್ನು ನಂಬಿ ‘ವಿದ್ಯಾಶಾಲೆಯ ರೆಕ್ಕೆಗಳು’ ಎಂದು ಟಿಪ್ಪಣಿ ಬರೆದುಕೊಂಡಿದ್ದೆ. ಎಳೆಯ ವಯಸ್ಸಿನವನಾದ್ದರಿಂದ ವಿದ್ಯಾಭ್ಯಾಸದ ಮಾತಿರಬೇಕೆಂದು ಸಮಾಧಾನಪಟ್ಟುಕೊಂಡಿದ್ದೆ. ವಸ್ತುತಃ ಆ ಕಾಲದಲ್ಲಿ ಸ್ಕೋಲಾ ಎಂದರೆ ಚಕ್ರವರ್ತಿಯ ಅಂಗರಕ್ಷಕ ಪಡೆ, ಆಲಾ ಎಂದರೆ ಅಶ್ವದಳ. ಆ ಟಿಪ್ಪಣಿಯನ್ನು ಹೊಡೆದುಹಾಕದೆ ಹಾಗೆಯೇ ಇಟ್ಟುಕೊಂಡಿದ್ದೇನೆ.

ಚರಿತೆಯ ಮುಖ್ಯ ಸಂದರ್ಭವೊಂದು ‘ಮಿಲಿತಾರೆ’ (ಸೈನಿಕನಾಗಿ ಸೇವೆಮಾಡು) ಎಂಬ ಕ್ರಿಯಾಪದದ ಮೇಲೆಯೇ ನಿಂತಿದೆ. ವಾಂಗಿಯೋನರ ನಗರದ (ಈಗಿನ ಜರ್ಮನಿಯ ವರ್ಮ್ಸ್) ಬಳಿ ಯುವರಾಜ ಯೂಲಿಯಾನುಸನು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕರೆದು ಪಾರಿತೋಷಕ ಹಂಚುತ್ತಿರುವಾಗ ಮಾರ್ತಿನನು ಬಿಡುಗಡೆ ಬೇಡುತ್ತಾನೆ. ಇದುವರೆಗೆ ಅರಸನಿಗೆ ಮಾಡಿದ ಸೇವೆಗೂ ಇನ್ನು ದೇವರಿಗೆ ಮಾಡಲಿರುವ ಸೇವೆಗೂ ಅವನು ಬಳಸುವ ಧಾತು ಒಂದೇ. ಅನುವಾದಕನು ಒಂದು ಕಡೆ ‘ಯುದ್ಧ’ವೆಂದೂ ಇನ್ನೊಂದು ಕಡೆ ‘ಭಕ್ತಿ’ಯೆಂದೂ ಬರೆದರೆ ವಾಕ್ಯ ಸುಲಭವಾದೀತು, ಸಂದರ್ಭದ ತಿರುಳು ಮಾತ್ರ ಹೋಗುತ್ತದೆ.

ಈ ಧಾತುವಿಗೆ ಚರಿತ್ರೆಯ ಒಂದು ಜಟಿಲ ಪ್ರಶ್ನೆಯೂ ಅಂಟಿಕೊಂಡಿದೆ. ಗ್ರಂಥದ ಲೆಕ್ಕದಂತೆ ಮಾರ್ತಿನನು ಹದಿನೈದರಲ್ಲಿ ಪ್ರಮಾಣ ಮಾಡಿ, ಹದಿನೆಂಟರಲ್ಲಿ ದೀಕ್ಷಾಸ್ನಾನ ಪಡೆದು, ಬಳಿಕ ಸುಮಾರು ಎರಡು ವರ್ಷ ಹೆಸರಿಗೆ ಮಾತ್ರ ಸೈನಿಕನಾಗಿದ್ದನು. ಯೂಲಿಯಾನುಸನ ದಂಡಯಾತ್ರೆ ನಡೆದದ್ದು 356ರಲ್ಲಿ. ಆದ್ದರಿಂದ ಮಾರ್ತಿನನ ಜನನ ಸುಮಾರು 336ಕ್ಕೆ ಬರಬೇಕು. ಆದರೆ ಆರನೆಯ ಶತಮಾನದ ಇತಿಹಾಸಕಾರ ತೂರಿನ ಗ್ರೆಗೊರಿಯು ಅವನು ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನೆನ್ನುತ್ತಾನೆ. ಅದರಂತೆ ಜನನ ಸುಮಾರು 316ಕ್ಕೆ ಬೀಳುತ್ತದೆ. ಸೈನ್ಯಸೇವೆಯೂ ಐದು ವರ್ಷದ್ದಾಗದೆ ಇಪ್ಪತ್ತೈದು ವರ್ಷದ್ದಾಗುತ್ತದೆ. ದೀಕ್ಷಾಸ್ನಾನದ ಬಳಿಕ ಆಯುಧ ಹಿಡಿದವನು ಪೌರೋಹಿತ್ಯಕ್ಕೆ ತಕ್ಕವನಲ್ಲವೆಂಬ ಅಭಿಪ್ರಾಯ ಆ ಕಾಲದಲ್ಲಿ ಬಲವಾಗಿತ್ತು. ಆದುದರಿಂದ ಚರಿತೆಕಾರನು ಈ ಅವಧಿಯನ್ನು ಮೊಟಕುಗೊಳಿಸಿದನೇ ಎಂಬ ಸಂದೇಹ ಹುಟ್ಟಿತು. 1912ರಲ್ಲಿ ಬಾಬ್ಯು ಎಂಬ ಫ್ರೆಂಚ್ ವಿದ್ವಾಂಸನು ಚರಿತೆಕಾರನ ಪ್ರಾಮಾಣಿಕತೆಯನ್ನೇ ಶಂಕಿಸಿದನು. 1920ರಲ್ಲಿ ದೆಲಹೇ ಅದನ್ನು ಖಂಡಿಸಿದನು. 1967-69ರ ಸಂಪಾದನೆಯಲ್ಲಿ ಫೊಂತೇನ್ ಎರಡು ಪಕ್ಷಗಳನ್ನೂ ತೂಗಿ ನೋಡಿದನು. ‘ಹೆಸರಿಗೆ ಮಾತ್ರ’ ಎಂಬ ಪುಟ್ಟ ಮಾತು ಸಹಜ ವಿವರಣೆಯೋ ಸಮರ್ಥನೆಯೋ ಎಂಬುದರ ಮೇಲೆ ಒಬ್ಬ ಸಂತನ ಇಪ್ಪತ್ತು ವರ್ಷಗಳ ನಿರ್ಣಯ ನಿಂತಿದೆ. ಅದು ಸಮರ್ಥನೆಯಂತೆಯೇ ನನಗೆ ತೋರುತ್ತದೆ. ಆದರೆ ಸಮರ್ಥನೆಯೆಲ್ಲವೂ ಅಸತ್ಯವಲ್ಲ.

ಅಮಿಯೆನ್ಸ್ ನಗರದ್ವಾರದ ಪ್ರಸಂಗ ಲೋಕಪ್ರಸಿದ್ಧ. ಕಡುಚಳಿಯಲ್ಲಿ ಎದುರಾದ ಬಡವನಿಗೆ ಮಾರ್ತಿನನು ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಡುತ್ತಾನೆ. ಬಡವನಿಗೆ ‘ನೂದುಸ್’ (ನಗ್ನ) ಎಂಬ ವಿಶೇಷಣವಿದೆ. ನಮ್ಮ ಓದುಗರಿಗೆ ಈ ಶಬ್ದ ಅಪರಿಗ್ರಹದ ಪರಮಾವಧಿಯನ್ನು ನೆನಪಿಗೆ ತರುವುದು ಸಹಜ. ಆದರೆ ಇಲ್ಲಿಯದು ವ್ರತವಲ್ಲ, ದಾರಿದ್ರ್ಯ. ಮೈಮುಚ್ಚುವಷ್ಟು ಬಟ್ಟೆಯಿಲ್ಲದವನಿಗೂ ಲ್ಯಾಟಿನ್ನಿನಲ್ಲಿ ಇದೇ ಶಬ್ದ ಸಲ್ಲುತ್ತದೆ. ಹೊದಿಕೆಗೆ ಗ್ರಂಥದಲ್ಲಿರುವ ಹೆಸರು ‘ಕ್ಲಮಿಸ್’, ಸೈನಿಕರ ಮೇಲುವಸ್ತ್ರ. ಮುಂದೆ ಫ್ರಾಂಕ್ ಅರಸರು ಅವನ ಹೊದಿಕೆಯೆಂದು ಕಾಪಾಡಿಕೊಂಡ ಪವಿತ್ರಾವಶೇಷಕ್ಕೆ ‘ಕಾಪ್ಪಾ’, ‘ಕಾಪ್ಪೆಲ್ಲಾ’ ಎಂಬ ಹೆಸರುಗಳು ಬಂದುವು. ಅದನ್ನಿಟ್ಟ ಸ್ಥಳಕ್ಕೂ ಅದೇ ಹೆಸರಾಗಿ ‘ಚಾಪೆಲ್’ ಹುಟ್ಟಿತು; ಅದನ್ನು ಕಾಯುವ ಪುರೋಹಿತನು ‘ಚಾಪ್ಲಿನ್’ ಆದನು. ಈ ಹೆಸರುಗಳನ್ನು ಹಿಂದಕ್ಕೊಯ್ದು ಮೂಲಕೃತಿಯಲ್ಲಿ ಓದುವುದು ಕಾಲವಿರೋಧದೋಷ.

ಉಳಿದ ಎರಡು ಶಬ್ದಗಳನ್ನು ಸಂಕ್ಷೇಪವಾಗಿ ಹೇಳಬಹುದು. ‘ವಿರ್ತೂಸ್’ ಎಂದರೆ ರೋಮನರಲ್ಲಿ ಪೌರುಷ, ಸದ್ಗುಣ. ಸಂತಚರಿತೆಯಲ್ಲಿ ಅದರ ಬಹುವಚನಕ್ಕೆ ಅನೇಕ ವೇಳೆ ‘ಪವಾಡಗಳು’ ಎಂದೇ ಅರ್ಥ. ‘ಕೊನ್ಫೆಸ್ಸೊರ್’ ಎಂದರೆ ಮೊದಲು ನ್ಯಾಯಾಧಿಪತಿಯ ಮುಂದೆ ತನ್ನ ಮತವನ್ನು ಒಪ್ಪಿಕೊಂಡೂ ಬದುಕುಳಿದವನು. ಹಿಂಸೆಯ ಕಾಲ ಮುಗಿದ ಮೇಲೆ ಮಾರ್ತಿನನಂತೆ ಸಹಜ ಮರಣ ಹೊಂದಿದ ಸಂತನಿಗೂ ಆ ಬಿರುದು ಸಂದಿತು.

ಕಡೆಯದಾಗಿ ಹಸ್ತಪ್ರತಿಯ ವಿಚಾರ. ವೆರೋನಾ ನಗರದ ಚರ್ಚಿನ ಗ್ರಂಥಭಂಡಾರದಲ್ಲಿ ಈ ಚರಿತೆಯ ಪ್ರಾಚೀನ ಚರ್ಮಪತ್ರದ ಪ್ರತಿಯೊಂದಿದೆ. ಆ ಚರ್ಚಿನ ಪಾಠಕನಾದ ಉರ್ಸಿಕೀನುಸನು ಅದನ್ನು ಆಗಸ್ಟ್ ಮೊದಲನೆಯ ದಿನ, ಅಗಾಪಿತುಸನ ಅಧಿಕಾರವರ್ಷದಲ್ಲಿ, ಹತ್ತನೆಯ ‘ಇಂದಿಕ್ತಿಯೊ’ದಲ್ಲಿ ಬರೆದು ಮುಗಿಸಿದುದಾಗಿ ಅಂತ್ಯಲೇಖವು ತಿಳಿಸುತ್ತದೆ. ಇಂದಿಕ್ತಿಯೊ ಎಂಬುದು ಹದಿನೈದು ವರ್ಷಗಳ ಆವರ್ತ. ನಮ್ಮ ಅರವತ್ತು ಸಂವತ್ಸರಗಳಂತೆ ಅದೂ ತಿರುತಿರುಗಿ ಬರುವುದರಿಂದ ಅದೊಂದರಿಂದಲೇ ಕಾಲನಿರ್ಣಯವಾಗದು. ಅಧಿಕಾರಿಯ ಹೆಸರೂ ಸೇರಿದ್ದರಿಂದ 517 ಎಂಬುದು ಖಚಿತವಾಗುತ್ತದೆ. ಇಂತಹ ಪ್ರತಿಗಳಲ್ಲಿ ದೇವ, ಪ್ರಭು, ಕ್ರಿಸ್ತ ಎಂಬ ಪವಿತ್ರನಾಮಗಳನ್ನು ಮೊದಲ ಮತ್ತು ಕೊನೆಯ ಅಕ್ಷರಗಳಿಂದ ಸಂಕ್ಷೇಪಿಸಿ ಮೇಲೆ ಗೆರೆ ಎಳೆಯುವುದು ರೂಢಿ. ಕ್ರಿಸ್ತನಾಮದ ಆದ್ಯಕ್ಷರಗಳಂತೂ ಗ್ರೀಕ್ ಲಿಪಿಯವು.

ಮಾರ್ತಿನನ ಮಠದಲ್ಲಿ ಸುಮಾರು ಎಂಬತ್ತು ಮಂದಿ ಶಿಷ್ಯರಿದ್ದರು. ಅಲ್ಲಿ ಯಾರಿಗೂ ಸ್ವಂತದ್ದೆಂಬುದಿರಲಿಲ್ಲ, ಕೊಳ್ಳುವುದು ಮಾರುವುದು ನಿಷಿದ್ಧವಾಗಿತ್ತು. ಗ್ರಂಥಲೇಖನವೊಂದನ್ನುಳಿದು ಬೇರಾವ ಕಸುಬೂ ಇರಲಿಲ್ಲ. ಆ ಕೆಲಸವು ಎಳೆಯರದು, ಹಿರಿಯರದು ಪ್ರಾರ್ಥನೆ. ಓಲೆಗರಿಗಳ ನಡುವೆ ಆಯುಷ್ಯ ಕಳೆದವರಿಗೆ ಈ ವಿವರ ದೂರದ್ದೆನಿಸದು. ಆದರೆ ಹತ್ತಿರದ್ದೆನಿಸಿದ ಮಾತ್ರಕ್ಕೆ ನಮ್ಮ ಪರಿಭಾಷೆಯನ್ನು ಅವರ ಶಬ್ದಗಳ ಮೇಲೆ ಹೊರಿಸುವುದು ಸಲ್ಲದು. ನಮ್ಮ ಆಗಮಗಳನ್ನು ಓದುವ ಅನ್ಯರಿಂದ ನಾವು ಬಯಸುವ ನ್ಯಾಯವನ್ನು ಅವರ ಗ್ರಂಥಕ್ಕೆ ನಾವೂ ಸಲ್ಲಿಸಬೇಕು. ತುಲನಾತ್ಮಕ ಅಧ್ಯಯನಕ್ಕೆ ತೊಡಗುವ ತರುಣರು ಮೊದಲು ಶಬ್ದಾರ್ಥವನ್ನು ನಿಶ್ಚಯಿಸಿಕೊಂಡು ಆಮೇಲೆ ಸಾಮ್ಯವನ್ನು ಅರಸಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.