ಹೇಳದೆ ಉಳಿದ ಒಲವು

ಕೋಲಾರದ ಸೀಮೆ ಕನ್ನಡಕ್ಕೆ ಹಿರಿಯ ಬರಹಗಾರರನ್ನು ಕೊಟ್ಟ ನೆಲ. ಮುಳಬಾಗಿಲು ಡಿ.ವಿ.ಜಿ.ಯವರ ಊರು, ಸಣ್ಣಕತೆಗೆ ಹಿರಿಯರಾದ ಮಾಸ್ತಿಯವರು ಮಾಲೂರು ತಾಲ್ಲೂಕಿನವರು. ಗಂಡು ಹೆಣ್ಣಿನ ಒಲವಿನ ಕತೆಗಳಿಗೆ ನಮ್ಮಲ್ಲಿ ಬಡತನವಿಲ್ಲ. ಆದರೆ ಶಾಲೆಯ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತ ಗೆಳೆಯನನ್ನೇ ಮನಸ್ಸಿನಲ್ಲಿಟ್ಟುಕೊಂಡು, ಯಾರೊಡನೆಯೂ ಆಡಲಾರದೆ ಬೆಳೆದ ಹುಡುಗನ ಕತೆ ಎಲ್ಲಿ? ಅಂಥ ಹುಡುಗರು ಕೋಲಾರದಲ್ಲಾಗಲಿ ಶ್ರೀನಿವಾಸಪುರದಲ್ಲಾಗಲಿ ಇರಲೇ ಇಲ್ಲವೆಂದರೆ ನಾನು ನಂಬಲಾರೆ. ಈ ಮೌನಕ್ಕೂ ಒಂದು ಚರಿತ್ರೆಯುಂಟು.

1860ರ ದಂಡಸಂಹಿತೆಯ 377ನೆಯ ಕಲಮು 'ಪ್ರಕೃತಿವಿರುದ್ಧ' ಸಂಗಕ್ಕೆ ಆಜೀವ ಸೆರೆವಾಸದವರೆಗೆ ಶಿಕ್ಷೆ ವಿಧಿಸಿತ್ತು. ಅದು ಹೆಸರಿಸಿದ್ದು ಕೃತ್ಯವನ್ನು. ನೆರಳು ಬಿದ್ದುದು ಮನಸ್ಸಿನ ಮೇಲೆ. 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ವಯಸ್ಕರ ಮಟ್ಟಿಗೆ ಅದನ್ನು ಸಡಿಲಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಅದೇ ವರ್ಷ ಸಂಡೂರಿನ ವಸುಧೇಂದ್ರರ 'ಮೋಹನಸ್ವಾಮಿ' ಪ್ರಕಟವಾಗಿತ್ತು. ಪುರುಷನನ್ನು ಪ್ರೀತಿಸುವ ಪುರುಷನೊಬ್ಬನ ಬಾಳನ್ನು ಬಿಚ್ಚಿಟ್ಟ ಕತೆಗಳವು. ಲೇಖಕರು ತಮ್ಮ ಒಲವನ್ನೂ ಬಚ್ಚಿಡಲಿಲ್ಲ.

2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸಾರಿತು. ಹುಡುಗನ ಕಷ್ಟ ಅಷ್ಟಕ್ಕೆ ತೀರಿತೆನ್ನುವಂತಿಲ್ಲ. ಅವನು ಅಂಜುವುದು ತರಗತಿಯ ನಗೆಗೆ, ಮನೆಯಲ್ಲಿ ತಂದೆಯ ಮುಖಕ್ಕೆ. ಅದನ್ನು ಯಾವ ತೀರ್ಪೂ ನೀಗಲಾರದು, ನಾವು ನೀಗಬಹುದು. ಊರಿನ ಗ್ರಂಥಾಲಯದಲ್ಲಿ ಮಾಸ್ತಿಯವರ ಸಂಪುಟದ ಪಕ್ಕದಲ್ಲಿ ಅಂಥದೊಂದು ಪುಸ್ತಕ ಕೈಗೆ ಸಿಕ್ಕರೆ, ತಾನು ಒಬ್ಬಂಟಿಯಲ್ಲವೆಂಬುದಾದರೂ ಅವನಿಗೆ ತಿಳಿದೀತು.